ನಾಗಮಣಿಯ ಮುಯ್ಯಿ

ಮಂಡ್ಯ ಸೀಮೆಯ ಕೊಪ್ಪದಲ್ಲಿ ಇನ್ನೂ ಮುಯ್ಯಾಳು ಕಟ್ಟಿಕೊಂಡು ಭತ್ತದ ನಾಟಿ ಮಾಡುವವರು ಒಂಬತ್ತೇ ಹೆಂಗಸರು. ಉಳಿದವರೆಲ್ಲ ಕೂಲಿಯವರನ್ನೋ ನಾಟಿ ಮಿಷನ್ನನ್ನೋ ಕರೆಸಿ, ತಾವು ಬೈಕಿನ ಮೇಲೆ ಕೂತು ಫೋನು ನೋಡುತ್ತಾರೆ. ಈ ಒಂಬತ್ತು ಜನ ಮಾತ್ರ ಹಟ ಹಿಡಿದು ಹಳೇ ರೀತಿಯಲ್ಲೇ ಇದ್ದಾರೆ. ಇವತ್ತು ಎಲ್ಲರೂ ನಿನ್ನ ಗದ್ದೆಗೆ, ನಾಳೆ ನೀನೂ ಸೇರಿ ಎಲ್ಲರೂ ನನ್ನ ಗದ್ದೆಗೆ. ದುಡ್ಡಿನ ಮಾತೇ ಇಲ್ಲ. ಒಂದು ದಿನ ಪಡೆದವಳು ಒಂದು ದಿನ ಬಂದು ದುಡಿಯಬೇಕು, ಅದೇ ಮುಯ್ಯಿ. ಯಾವತ್ತು ಯಾರ ಗದ್ದೆ ಎಂದು ಗೊತ್ತು ಮಾಡುವವಳು ಅಂಕಮ್ಮ. ಅರವತ್ತು ದಾಟಿದ ಹೆಂಗಸು, ಗಟ್ಟಿ ಗಂಟಲು. ಅವಳ ಬಾಯಿಗೆ ಸಿಕ್ಕದೆ ಒಂದು ನಾಟಿ ಮುಗಿಸಿದವಳು ಆ ಗುಂಪಿನಲ್ಲಿ ಒಬ್ಬಳೂ ಇಲ್ಲ.

ಆ ಅಂಕಮ್ಮ ಈ ಶ್ರಾವಣದಲ್ಲಿ ಒಂದು ತಪ್ಪು ಮಾಡಿದಳು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಅದೇ ತೊಂದರೆ.

ಸೋಮವಾರ ನಾಗಮಣಿಯ ಅರ್ಧ ಎಕರೆಗೆ ನಾಟಿ ಆಯಿತು. ಎಂಟು ಜನ ಬಗ್ಗಿ ನೆಟ್ಟರು. ಒಂಬತ್ತನೆಯವಳಾದ ನಾಗಮಣಿಯನ್ನು ಮಾತ್ರ ಬದುವಿನ ಮೇಲೆ ಛತ್ರಿ ಕೊಟ್ಟು ಕೂರಿಸಿದರು, ಮದುವೆ ಮನೆಗೆ ಬಂದ ಬೀಗಿತ್ತಿಯ ಹಾಗೆ. ಅವಳ ಕೆಲಸ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವುದು. ಸಂಜೆ ಎಲ್ಲರೂ ಕಾಲುವೆಯಲ್ಲಿ ಕೈಕಾಲು ತೊಳೆಯುವಾಗ ಅವಳು ಕೇಳಿದಳು.

"ನಾಳೀಕೆ ಯಾರ ಗದ್ದೆ, ಅಂಕಕ್ಕ? ಎಷ್ಟೊತ್ಗೆ ಬರ್ಲಿ?"

ಅಂಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ಕೆನ್ನೆ ಸವರಿದಳು. "ನೀನ್ಯಾಕವ್ವ ಬತ್ತೀಯ? ಮನೇಲಿ ಸುಮ್ಕೆ ಸುಕವಾಗಿರು. ನಿನ್ ಮುಯ್ಯಿ ತೀರ್ತು ಬುಡು."

ಉಳಿದವರು ಹೌದೌದು ಎಂದು ತಲೆಯಾಡಿಸಿದರು. ನಾಗಮಣಿ ಮಾತ್ರ ತಲೆಯಾಡಿಸಲಿಲ್ಲ. ಏಕೆಂದರೆ ಆ ಮಾತನ್ನು ಅದೇ ಬಾಯಿಂದ ಅವಳು ಹಿಂದೊಮ್ಮೆ ಕೇಳಿದ್ದಳು. ಐದು ವರ್ಷದ ಕೆಳಗೆ ಗುಂಪಿನ ಮಲ್ಲಿಗಮ್ಮ ನಾಟಿಯ ನಡುವೆಯೇ ಹೋಗಿಬಿಟ್ಟಾಗ ಅವಳು ಕೊಡಬೇಕಾದ ಮುಯ್ಯಿ ಇನ್ನೂ ಎರಡು ದಿನದ್ದು ಉಳಿದಿತ್ತು. ಹೆಣವನ್ನು ಮನೆ ಮುಂದೆ ಮಲಗಿಸಿದ್ದರು. ಹೋಗುವವಳು ಋಣ ಹೊತ್ತು ಹೋಗಬಾರದು ಎಂದು ಅಂಕಮ್ಮ ಅವಳ ಕಿವಿಯ ಹತ್ತಿರ ಬಗ್ಗಿ, "ನಿನ್ ಮುಯ್ಯಿ ತೀರ್ತು ಕಣವ್ವ, ಓಗ್ಬಾ" ಎಂದಿದ್ದಳು. ಗುಂಪಿನಲ್ಲಿ ಯಾರು ಸತ್ತರೂ ಹಾಗೆ ಹೇಳಿ ಕಳಿಸುವುದು ಅವರ ಪದ್ಧತಿ. ಬದುಕಿದ್ದವಳಿಗೆ ಅದನ್ನು ಹೇಳಿದ್ದು ಇದೇ ಮೊದಲು.

ಅಂಕಮ್ಮನಿಗೆ ತಾನೇನು ಹೇಳಿದೆ ಎಂಬ ಪರಿವೆಯೂ ಇರಲಿಲ್ಲ. ಬಕೆಟ್ಟು ಎತ್ತಿಕೊಂಡು ಹೊರಟೇಹೋದಳು. ಒಳ್ಳೆಯ ಮನಸ್ಸಿನವರ ಜೊತೆ ಜಗಳ ಆಡುವುದು ಎಷ್ಟು ಕಷ್ಟ ಎಂಬುದು ನಾಗಮಣಿಗೆ ಹತ್ತು ತಿಂಗಳಿಂದ ಚೆನ್ನಾಗಿ ಗೊತ್ತಾಗಿತ್ತು.

ಹತ್ತು ತಿಂಗಳ ಹಿಂದೆ ಮಂಡ್ಯದ ಆಸ್ಪತ್ರೆಯಲ್ಲಿ ಅವಳ ಗರ್ಭಕೋಶ ತೆಗೆದಿದ್ದರು. ಅದರಲ್ಲಿದ್ದ ಗೆಡ್ಡೆ ಒಳ್ಳೆಯ ಜಾತಿಯದಲ್ಲ ಎಂದರು. ಆಮೇಲೆ ಆರು ಸಲ ಸೂಜಿ ಚುಚ್ಚಿಸಿಕೊಂಡು ಮಲಗಿದಳು, ಕೂದಲೆಲ್ಲ ಉದುರಿ ಈಗ ಒಂದಂಗುಲ ಗುಂಗುರು ಬೆಳೆದಿದೆ. ಮೊನ್ನೆ ಜೂನಿನಲ್ಲಿ ಡಾಕ್ಟರು, "ಎಲ್ಲಾ ಕೆಲಸ ಮಾಡಬಹುದಮ್ಮ, ಭಾರ ಮಾತ್ರ ಎತ್ತಬೇಡಿ" ಎಂದರು. ಪಕ್ಕದಲ್ಲೇ ನಿಂತಿದ್ದ ಗಂಡ ಹೊನ್ನಯ್ಯನ ಕಿವಿಗೆ ಬಿದ್ದದ್ದು ಕೊನೆಯ ಎರಡಕ್ಷರ ಮಾತ್ರ.

ಹೊನ್ನಯ್ಯ ಊರ ಹಾಲಿನ ಡೇರಿಯಲ್ಲಿ ಹಾಲು ಅಳೆಯುವವನು. ಮನುಷ್ಯ ಕೆಟ್ಟವನಲ್ಲ. ಆದರೆ ಅವನು ಮನೆಯನ್ನೆಲ್ಲ ಒಂದು ಕ್ಯಾಲೆಂಡರಿಗೆ ಕಟ್ಟಿಹಾಕಿಬಿಟ್ಟಿದ್ದ. ಮುಂದಿನ ಟೆಸ್ಟಿನ ತಾರೀಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಏನು ಕೇಳಿದರೂ "ರಿಪೋರ್ಟ್ ಬರ್ಲಿ" ಎನ್ನುತ್ತಿದ್ದ. ಗೋಡೆಗೆ ಸುಣ್ಣ ಹೊಡೆಸೋಣವಾ? ರಿಪೋರ್ಟ್ ಬರ್ಲಿ. ಇನ್ನೊಂದು ಹಸು ಕಟ್ಟೋಣವಾ? ರಿಪೋರ್ಟ್ ಬರ್ಲಿ. ಬೇಸಿಗೆಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ತರಿಸು ಎಂದದ್ದಕ್ಕೂ ಅದೇ ಉತ್ತರ ಬಂತು. ರಿಪೋರ್ಟು ಬರುವ ಹೊತ್ತಿಗೆ ಮರದಲ್ಲಿ ಕಾಯಿ ಇರಲಿಲ್ಲ. ಈ ವರ್ಷ ಮಜ್ಜಿಗೆಗೆ ನಂಜಿಕೊಳ್ಳಲು ಅಂಗಡಿಯ ಪ್ಯಾಕೆಟ್ಟೇ ಗತಿಯಾಯಿತು. ಒಂದು ರಿಪೋರ್ಟು ಬಂದರೆ ಮುಂದಿನ ತಾರೀಕಿಗೆ ಇನ್ನೊಂದು ಕೆಂಪು ಸುತ್ತು ಬೀಳುತ್ತಿತ್ತು.

ಇನ್ನೂ ಒಂದು ಸಂಗತಿ ಇತ್ತು, ಅದನ್ನು ನಾಗಮಣಿ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹತ್ತು ತಿಂಗಳಿಂದ ಅವಳನ್ನು ಯಾರೂ ಬೈದಿರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿದ್ದರೂ ಹೊನ್ನಯ್ಯ ಚೆನ್ನಾಗಿದೆ ಎಂದು ಉಣ್ಣುತ್ತಿದ್ದ. ಉಂಡ ಮೇಲೆ ಹಿತ್ತಿಲಿಗೆ ಹೋಗಿ ಎರಡು ಚೊಂಬು ನೀರು ಕುಡಿಯುವುದು ಅವಳಿಗೆ ಕಿಟಕಿಯಿಂದ ಕಾಣುತ್ತಿತ್ತು. ಪಕ್ಕದ ಮನೆಯ ಜಗಳಗಂಟಿ ಕೂಡ ಕಸ ಅವಳ ಕಡೆಗೆ ಗುಡಿಸುವುದನ್ನು ನಿಲ್ಲಿಸಿದ್ದಳು.

ಮಗಳು ನಯನ ಮಂಡ್ಯದಲ್ಲಿ ಬಿ.ಎಡ್. ಓದುತ್ತ ಹಾಸ್ಟೆಲಿನಲ್ಲಿದ್ದಳು. ಅಮ್ಮನ ಮನಸ್ಸಿಗೆ ನೆಮ್ಮದಿ ಇರಲೆಂದು ಅವಳು ಫೋನಿಗೆ ಏನೋ ಒಂದು ಹಾಕಿಕೊಟ್ಟಿದ್ದಳು. ಒತ್ತಿದರೆ ಒಬ್ಬ ಹೆಂಗಸು ಬೆಣ್ಣೆಯಂಥ ದನಿಯಲ್ಲಿ ಮಾತಾಡುತ್ತಿದ್ದಳು. "ಕಣ್ಣು ಮುಚ್ಚಿ. ನಿಮ್ಮ ಉಸಿರನ್ನು ಗಮನಿಸಿ. ನಿನ್ನೆ ಮುಗಿದಿದೆ, ನಾಳೆ ಬಂದಿಲ್ಲ. ಈ ಕ್ಷಣದಲ್ಲಿ ಇರಿ."

"ಈ ಯಮ್ಮಂಗೆ ಮನೇಲಿ ಬ್ಯಾರೆ ಕೆಲ್ಸ ಇಲ್ವಾ?" ಎಂದು ಕೇಳಿದ್ದಳು ನಾಗಮಣಿ.

"ಅಮ್ಮ, ನಗಬೇಡ. ದಿನಾ ಹತ್ತು ನಿಮಿಷ ಕೂತ್ಕೊ ಸಾಕು. ನಾಳೆ ಬಗ್ಗೆ ಯೋಚ್ನೆ ಮಾಡಿ ಮಾಡಿ ಇವತ್ತಿನ ದಿನಾನ ಹಾಳು ಮಾಡ್ಕೊಬೇಡ ಅಂತ ಅಷ್ಟೇ."

ಮಗಳ ಮಾತು ಸುಳ್ಳಲ್ಲ ಎಂದು ನಾಗಮಣಿಗೂ ಅನ್ನಿಸಿತ್ತು. ಚಾಪೆ ಹಾಸಿ ಕೂತು ನೋಡಿದಳು. ನೀವೊಂದು ನದಿಯ ದಡದಲ್ಲಿದ್ದೀರಿ ಎಂದು ಆ ದನಿ ಹೇಳಿದರೆ, ಇವಳಿಗೆ ಶಿಂಷಾ ಹೊಳೆಯಲ್ಲಿ ತೊಳೆದು ಬಂಡೆಗೆ ಹರಡಿದ ಕಂಬಳಿ ನೆನಪಾಗುತ್ತಿತ್ತು. ಯೋಚನೆಗಳು ಬಂದರೆ ಬರಲಿ, ಹಾಗೇ ಹೋಗಲಿ ಎಂದರೆ, ಬಂದ ಯೋಚನೆ ಹೋಗುವ ಲಕ್ಷಣವೇ ಇರಲಿಲ್ಲ, ಅವಳದೇ ಚಾಪೆಯ ಮೇಲೆ ಕಾಲು ಚಾಚಿ ಕೂರುತ್ತಿತ್ತು. ಕೊನೆಗೆ ಆ ದನಿ ಕೇಳುತ್ತಿತ್ತು: "ಈಗ, ಈ ಕ್ಷಣ, ನಿಮ್ಮ ಕೈಗಳು ಎಲ್ಲಿವೆ? ಏನು ಮಾಡುತ್ತಿವೆ? ಸುಮ್ಮನೆ ಗಮನಿಸಿ."

ಸೋಮವಾರ ರಾತ್ರಿ ಊಟ ಆದ ಮೇಲೆ ಆ ಪ್ರಶ್ನೆ ಕೇಳಿದಾಗ ನಾಗಮಣಿ ಕಣ್ಣು ಬಿಟ್ಟು ನಿಜವಾಗಿಯೂ ನೋಡಿದಳು. ಎರಡೂ ಕೈ ತೊಡೆಯ ಮೇಲೆ ಬಿದ್ದಿದ್ದವು. ಉಗುರು ಸ್ವಚ್ಛವಾಗಿದ್ದವು. ಶ್ರಾವಣ ಮಾಸದಲ್ಲಿ ಅವಳ ಉಗುರಿನ ಸಂದಿಯಲ್ಲಿ ಕೆಸರಿಲ್ಲದ ಮೊದಲ ವರ್ಷ ಇದು. ಅವಳಿಗೆ ಎಂಥ ಸಿಟ್ಟು ಬಂತೆಂದರೆ ಆ ಬೆಣ್ಣೆ ದನಿಯ ಬಾಯನ್ನು ಅಲ್ಲೇ ಒತ್ತಿ ಮುಚ್ಚಿಸಿದಳು.

ಬುಧವಾರ ಹೊನ್ನಯ್ಯ ಅವಳನ್ನು ಬಸ್ಸಿನಲ್ಲಿ ಮಂಡ್ಯಕ್ಕೆ ಕರೆದುಕೊಂಡು ಹೋಗಿ ಟೆಸ್ಟು ಮಾಡಿಸಿಕೊಂಡು ಬಂದ. ಶುಕ್ರವಾರ ರಿಪೋರ್ಟು, ನಯನ ಹೋಗಿ ಕೇಳಿ ಫೋನು ಮಾಡುತ್ತಾಳೆ ಎಂದಾಯಿತು. ಅದೇ ಶುಕ್ರವಾರ ಅಂಕಮ್ಮನ ಗದ್ದೆಯಲ್ಲಿ ನಾಟಿ ಇತ್ತು.

ಶುಕ್ರವಾರ ಬೆಳಿಗ್ಗೆ ನಾಗಮಣಿ ಹಳೇ ಸೀರೆಯುಟ್ಟು, ನೆರಿಗೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ಗುಂಗುರು ತಲೆಗೆ ಟವಲು ಸುತ್ತಿಕೊಂಡಳು. ಹೊನ್ನಯ್ಯ ಡೇರಿಯಿಂದ ಬಂದವನು ಬಾಗಿಲಲ್ಲೇ ನಿಂತ.

"ಎಲ್ಲಿಗೆ?"

"ಅಂಕಕ್ಕನ ಗದ್ದೆಗೆ. ಮುಯ್ಯಿಗೆ."

"ತಲೆ ಕೆಟ್ಟದಾ ನಿಂಗೆ? ಇವತ್ತು ರಿಪೋರ್ಟ್ ಬತ್ತದೆ ಕಣೆ. ಮನೇಲಿ ದೀಪ ಹಚ್ಚಿ ಕುಂತ್ಕೊ. ನಾಟಿ ಮುಂದಿನ ವರ್ಸ ಮಾಡೀವಂತೆ."

"ಮುಂದಿನ ವರ್ಸದ ನಾಟಿ ಮುಂದಿನ ವರ್ಸ. ಇವತ್ತಿಂದು ಇವತ್ತೇ ಮಾಡ್ಬೇಕು. ಪೈರು ನಿಮ್ಮ ಕ್ಯಾಲೆಂಡ್ರು ನೋಡ್ತದಾ?"

"ನಾನ್ ನಿನ್ ಒಳ್ಳೇದಕ್ಕೇ ಏಳ್ತಾ ಇರದು, ಮಣಿ."

"ಗೊತ್ತು. ನೀವೆಲ್ಲ ನನ್ ಒಳ್ಳೇದಕ್ಕೇ ಏಳ್ತೀರ. ಹತ್ ತಿಂಗ್ಳಿಂದ ಒಳ್ಳೇದು ಉಂಡು ಉಂಡು ಸಾಕಾಗದೆ ನಂಗೆ. ಫೋನು ಮನೇಲೇ ಇರ್ಲಿ, ಬೇಕಾದ್ರೆ ನೀವೇ ಹಿಡ್ಕೊಂಡು ಕಾಯ್ರಿ."

ಅವನು ಇನ್ನೇನೋ ಹೇಳುವಷ್ಟರಲ್ಲಿ ಅವಳು ಬೀದಿ ದಾಟಿ ಕಾಲುವೆ ಏರಿಯ ಮೇಲಿದ್ದಳು. ಅವಳು ಭಯ ಇಲ್ಲದ ಹೆಂಗಸು ಎಂದು ಯಾರೂ ತಿಳಿಯಬಾರದು. ಹಿಂದಿನ ಎರಡು ರಾತ್ರಿ ಅವಳ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಆದರೆ ಭಯವನ್ನು ಚಾಪೆಯ ಮೇಲೆ ಕೂರಿಸಿಕೊಂಡು ಸಾಕಿ ಸಲಹುವುದು ಇನ್ನು ಸಾಕು ಎಂದು ಅವಳಿಗೆ ಅನ್ನಿಸಿತ್ತು.

ಅಂಕಮ್ಮನ ಗದ್ದೆಯಲ್ಲಿ ಎಂಟು ಜನ ಆಗಲೇ ಇಳಿದಿದ್ದರು. ಒಬ್ಬೊಬ್ಬರ ಪಾಲಿಗೆ ಆರಾರು ಸಾಲು. ಅಂಕಮ್ಮನ ಪಕ್ಕದಲ್ಲಿ ಒಬ್ಬರ ಪಾಲು ಖಾಲಿ ಬಿಟ್ಟಿತ್ತು. ಅದು ಎಷ್ಟೋ ವರ್ಷದಿಂದ ನಾಗಮಣಿಯ ಜಾಗ.

"ಅಯ್ಯೋ, ಬಿಸ್ಲಲ್ಲಿ ಯಾಕವ್ವ ಬಂದೆ?" ಎಂದಳು ಅಂಕಮ್ಮ ಕೆಸರಿನಿಂದಲೇ. "ದೀಪಿಕ, ಆ ಛತ್ರಿ ಕೊಡೆ ಇವ್ಳಿಗೆ." ದೀಪಿಕ ಅಂಕಮ್ಮನ ಸೊಸೆ, ಗುಂಪಿನಲ್ಲೆಲ್ಲ ಚಿಕ್ಕವಳು.

"ಛತ್ರಿ ಬ್ಯಾಡ. ಮುಯ್ಯಿಗೆ ಬಂದಿವ್ನಿ."

"ನಿನ್ ಮುಯ್ಯಿ ತೀರ್ತು ಅಂತ ಅವತ್ತೇ ಏಳ್ಲಿಲ್ವಾ?"

"ಏಳ್ದೆ. ಮಲ್ಲಿಗಮ್ಮಂಗೂ ಅಂಗೇ ಏಳ್ದೆ." ನಾಗಮಣಿಯ ದನಿ ಏರಿತು. ಹತ್ತು ತಿಂಗಳಿಂದ ಏರಿರದ ದನಿ ಅದು. "ಅವ್ಳು ಚಟ್ಟದ ಮ್ಯಾಲೆ ಮಲ್ಗಿದ್ಲು ಕಣಕ್ಕ. ನಾನು ನಿನ್ ಮುಂದೆ ನಿಂತಿವ್ನಿ. ನೋಡು, ಕಾಲದೆ, ಕೈ ಅದೆ. ಸತ್ತೋರ ಮುಯ್ಯಿ ಮಾಫಿ ಮಾಡ್ತೀಯ ಸರಿ, ನನ್ನನ್ ಯಾವಾಗ್ ಸಾಯಿಸ್ದೆ ನೀನು?"

ಎಂಟು ಬೆನ್ನುಗಳೂ ನೆಟ್ಟಗಾದವು. ಅಂಕಮ್ಮನ ಕೈಯಲ್ಲಿದ್ದ ಪೈರಿನ ಕಟ್ಟು ಹಾಗೇ ನಿಂತಿತು.

"ನಾನ್ ಅಂಗ್ ಅಂದ್ಕೊಂಡ್ ಏಳ್ಲಿಲ್ಲ ಕಣವ್ವ," ಎಂದಳು ಅಂಕಮ್ಮ.

"ಅಂದ್ಕೊಳ್ದೆ ಏಳ್ದೆ. ಅದಕ್ಕೇ ಸಿಟ್ಟು ನಂಗೆ."

ನಾಗಮಣಿ ಚಪ್ಪಲಿ ಬಿಟ್ಟು ಗದ್ದೆಗೆ ಇಳಿದೇಬಿಟ್ಟಳು. ಕೆಸರು ಮೀನಖಂಡದವರೆಗೆ ತಣ್ಣಗೆ ಹಿಡಿಯಿತು. ದೀಪಿಕ ಒಂದು ಕಟ್ಟು ಪೈರನ್ನು ಎಸೆಯದೆ, ಗಾಜಿನ ಸಾಮಾನಿನ ಹಾಗೆ ತಂದು ಅವಳ ಕೈಗೇ ಕೊಟ್ಟಳು. ನಾಗಮಣಿ ಹಲ್ಲು ಕಚ್ಚಿಕೊಂಡು ಈಸಿಕೊಂಡಳು.

ಮೊದಲ ಅರ್ಧ ಗಂಟೆ ಕೈ ಗದ್ದೆಯಲ್ಲಿದ್ದರೂ ತಲೆ ಮಂಡ್ಯದಲ್ಲಿತ್ತು. ನಯನ ಈಗ ಆಸ್ಪತ್ರೆ ಮುಟ್ಟಿರಬೇಕು, ಈಗ ಟೋಕನ್ ತೆಗೆದುಕೊಂಡಿರಬೇಕು. ಹಾಗೆ ಯೋಚಿಸುತ್ತ ನೆಟ್ಟ ನಾಲ್ಕು ಪೈರು ಬೇರು ಕಚ್ಚದೆ ಮೇಲೆದ್ದು ತೇಲಿದವು. ಅಂಕಮ್ಮ ಅದನ್ನು ನೋಡಿಯೂ ಸುಮ್ಮನಿದ್ದಳು. ಅಷ್ಟೇ ಅಲ್ಲ, ಕಳ್ಳಿಯ ಹಾಗೆ ಕೈ ಚಾಚಿ ನಾಗಮಣಿಯ ಕೊನೆಯ ಸಾಲನ್ನು ತಾನೇ ನೆಡುತ್ತ ಬರತೊಡಗಿದಳು.

"ನನ್ ಸಾಲ್ಗೆ ಕೈ ಆಕ್ಬ್ಯಾಡ ಅಕ್ಕ."

"ವಸಿ ಆಸ್ರೆ ಆಗ್ಲಿ ಅಂತ."

"ಬ್ಯಾಡ."

ತೇಲಿದ ಪೈರನ್ನು ಹೆಕ್ಕಿ ಮತ್ತೆ ನೆಡುವಾಗ ಆ ಬೆಣ್ಣೆ ದನಿಯ ಪ್ರಶ್ನೆ ತಾನಾಗಿ ನೆನಪಾಯಿತು. ಈಗ, ಈ ಕ್ಷಣ, ನಿಮ್ಮ ಕೈಗಳು ಎಲ್ಲಿವೆ? ಇಲ್ಲಿವೆ ಕಣಮ್ಮ ಎಂದಳು ಮನಸ್ಸಿನಲ್ಲೇ. ಎಡಗೈಯಲ್ಲಿ ಕಟ್ಟು. ಬಲಗೈ ಹೆಬ್ಬೆರಳು ಎರಡು ಪೈರನ್ನು ಬಿಡಿಸುತ್ತದೆ, ಮೂರು ಬೆರಳು ಕೂಡಿ ಬೇರನ್ನು ಕೆಸರಿಗೆ ಒತ್ತುತ್ತವೆ. ಕೆಸರು ಬೆರಳನ್ನು ಹಿಡಿದು ಬಿಡುತ್ತದೆ. ಒಂದು ಹೆಜ್ಜೆ ಹಿಂದಕ್ಕೆ. ಮತ್ತೆ ಎರಡು ಪೈರು. ನಾಟಿ ಮಾಡುವವರು ಹಿಂದಕ್ಕೇ ನಡೆಯುವುದು. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಅವರಿಗೆ ಕಾಣುವುದಿಲ್ಲ, ಕಾಣುವುದು ನೆಟ್ಟದ್ದು ಮತ್ತು ನೆಡುತ್ತಿರುವುದು ಮಾತ್ರ. ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಹೀಗೇ ನಡೆದಿದ್ದ ನಾಗಮಣಿಗೆ ಅದು ಇವತ್ತು ಮೊದಲ ಸಲ ಗಮನಕ್ಕೆ ಬಂತು.

ಮೀನಖಂಡಕ್ಕೆ ತಣ್ಣಗೆ, ಬೆನ್ನಿಗೆ ಬೆಚ್ಚಗೆ. ಒಂದು ಕೊಕ್ಕರೆ ಬಂದು ಬದುವಿನ ಮೇಲೆ ಇಳಿಯಿತು. ಪಕ್ಕದಲ್ಲಿ ದೀಪಿಕ ಮೂಗು ಸೊರಗುಟ್ಟಿಸುತ್ತಿದ್ದಳು. ಆಪರೇಷನ್ನಿನ ಗಾಯ ಸ್ವಲ್ಪ ಎಳೆಯುತ್ತಿತ್ತು, ಎಳೆಯಲಿ ಎಂದು ಬಿಟ್ಟಳು. ಒಂದು ಸಾಲಿನ ತುದಿಯವರೆಗೂ ರಿಪೋರ್ಟಿನ ನೆನಪೇ ಬಂದಿರಲಿಲ್ಲ ಎಂಬುದು ತುದಿ ಮುಟ್ಟಿದ ಮೇಲೆ ಹೊಳೆಯಿತು. ಅವಳಿಗೆ ಸಂತೋಷವಾಯಿತು. ಇಂಥದ್ದಕ್ಕೆ ಎಂದು ಹೇಳಲು ಬಾರದ, ಬರೀ ಸಂತೋಷ. ಇದನ್ನು ಯಾವ ಕ್ಯಾಲೆಂಡರೂ ಮುಂದಕ್ಕೆ ಹಾಕಲು ಆಗುವುದಿಲ್ಲ ಎಂದುಕೊಂಡು ಇನ್ನೊಂದು ಕಟ್ಟು ಬಿಚ್ಚಿದಳು.

ಹನ್ನೊಂದು ಗಂಟೆಯ ಹೊತ್ತಿಗೆ ಹೊನ್ನಯ್ಯ ಏರಿಯ ಮೇಲೆ ಓಡಿ ಬಂದ. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ.

"ಮಣೀ! ರಿಪೋರ್ಟ್ ಬಂದದೆ! ನಯನ ಲೈನಲ್ಲವ್ಳೆ. ನಂಗೆ ಏಳಾಕಿಲ್ಲ ಅಂತಾಳೆ, ನಿಂಗೇ ಏಳ್ಬೇಕಂತೆ. ಬಾ ಬೇಗ!"

ಎಂಟು ಹೆಂಗಸರೂ ಎದ್ದು ನಿಂತರು. ದೀಪಿಕ ಕೈಯ ಪೈರನ್ನೇ ಎದೆಗೆ ಒತ್ತಿಕೊಂಡಳು. ನಾಗಮಣಿ ಮಾತ್ರ ಏಳಲಿಲ್ಲ. ಅವಳ ಕೈ ಎರಡು ಪೈರು ಬಿಡಿಸಿ ಒತ್ತಿತು. ಮತ್ತೆ ಎರಡು.

"ಕೇಳಿಸ್ಲಿಲ್ವೇನೆ?"

"ಕೇಳಿಸ್ತು. ಮಧ್ಯಾನ ಉಣ್ಣಾಕೆ ಏಳ್ತೀವಲ್ಲ, ಆಗ ಕೇಳ್ತೀನಿ ಅನ್ನಿ ಅವ್ಳಿಗೆ."

"ಅಯ್ಯೋ, ಏನೈತೋ ಏನೋ ಅಂತ ನಮ್ ಜೀವ ಓಯ್ತಾ ಅದೆ ಇಲ್ಲಿ!"

ಆಗ ಅವಳು ಬಗ್ಗಿದಲ್ಲಿಂದಲೇ ಕತ್ತು ಹೊರಳಿಸಿ ಗಂಡನನ್ನು ನೋಡಿದಳು. "ಅದ್ರಲ್ಲಿ ಒಳ್ಳೇದು ಬರ್ದಿದ್ರೂ ನಾನ್ ಈ ಸಾಲು ನೆಡ್ಬೇಕು. ಕೆಟ್ಟದ್ ಬರ್ದಿದ್ರೂ ಈ ಸಾಲು ನೆಡ್ಬೇಕು. ಅದು ಎಲ್ಗೂ ಓಡೋಗಾಕಿಲ್ಲ, ಕಾಯ್ಲಿ. ಹತ್ ತಿಂಗ್ಳು ಅದಕ್ಕೆ ನಾನ್ ಕಾಯ್ಲಿಲ್ವಾ? ಒಂದ್ ಗಂಟೆ ನಂಗೆ ಅದು ಕಾಯ್ಲಿ."

ಹೊನ್ನಯ್ಯ ಫೋನು ಎತ್ತಿ ಹಿಡಿದ ಕೈಯನ್ನು ಇಳಿಸುವುದನ್ನೂ ಮರೆತು ನಿಂತ. ನಾಗಮಣಿ ನೆಡುತ್ತ ಹಿಂದೆ ಸರಿದಳು. ಅವಳ ಪೈರು ನೀರಿಗೆ ಇಳಿಯುವ ಚುಳುಕ್ ಚುಳುಕ್ ಸದ್ದು ಒಂದೇ ಕೇಳುತ್ತಿತ್ತು.

ಅಂಕಮ್ಮ ಅವಳನ್ನು ನೋಡಿದಳು. ಆಮೇಲೆ ಅವಳ ಸಾಲನ್ನು ನೋಡಿದಳು. ಹೊನ್ನಯ್ಯ ಕೂಗಿದಾಗ ಅವಳಿದ್ದ ಜಾಗದಿಂದ ಸಾಲು ಬಲಕ್ಕೆ ಎಳೆದು ಸೊಟ್ಟಗಾಗಿತ್ತು.

"ಲೇ ಮಣೀ!" ಅಂಕಮ್ಮನ ಗಂಟಲು ಆಚೆ ಗದ್ದೆಯ ಕೊಕ್ಕರೆಯನ್ನೂ ಎಬ್ಬಿಸಿತು. "ಏನೇ ಇದು? ಕಣ್ಣು ಕಾಣಾಕಿಲ್ವೇನೆ? ಇಲ್ಲಿ ಗೇಣು, ಅಲ್ಲಿ ಮೊಳ! ದನ ತುಳ್ದಂಗೆ ಮಾಡಿಟ್ಟವ್ಳೆ ನನ್ ಗದ್ದೆನ. ನಾಳೆ ಕಳೆ ಕೀಳಾಕೆ ನಿಮ್ಮಪ್ಪ ಬತ್ತಾನಾ?"

ದಬದಬ ಕೆಸರು ತುಳಿದು ಬಂದವಳು ಬಗ್ಗಿ, ಸೊಟ್ಟ ಸಾಲನ್ನು ಒಂದು ಮಾರಿನಷ್ಟು ಬುಡಸಮೇತ ಕಿತ್ತು ನಾಗಮಣಿಯ ಮುಂದೆ ಎಸೆದಳು. ಕೆಸರು ನೀರು ಅವಳ ಮುಖಕ್ಕೆ ಸಿಡಿಯಿತು.

"ನೆಡು ವಾಪಸ್ಸು! ನೆಟ್ಟಗೆ ನೆಡು!"

"ಅತ್ತೆ, ಪಾಪ..." ಎಂದಳು ದೀಪಿಕ ಗಾಬರಿಯಾಗಿ.

"ಯಾವ್ ಪಾಪ? ಮುಯ್ಯಿಗ್ ಬಂದೋಳ್ಗೆ ಪಾಪ ಏನ್ ಬಂತು? ನೀವ್ಯಾಕ್ರೇ ಕೊಕ್ಕರೆಗಳಂಗೆ ನಿಂತಿದ್ದೀರಿ, ಬಗ್ರೀ! ಓಯ್ ಹೊನ್ನಯ್ಯ, ಬರೀ ಕೈಲಿ ನಿಂತ್ಕೊಂಡ್ ಏನ್ ಮಾಡ್ತೀಯ? ಫೋನು ಜೇಬ್ಗೆ ಆಕು, ಆ ಪೈರಿನ್ ಕಟ್ಟು ಎತ್ ಎಸಿ ಇತ್ಲಾಗೆ."

ಹೊನ್ನಯ್ಯ ಹೆಂಡತಿಯನ್ನು ನೋಡಿದ, ಅಂಕಮ್ಮನನ್ನು ನೋಡಿದ. ಫೋನಿಗೆ, "ನಿಮ್ಮಮ್ಮ ನಾಟಿ ಮಾಡ್ತಾವ್ಳೆ ಕಣವ್ವ, ಉಣ್ಣಾಕೆ ಎದ್ದಾಗ ಮಾಡು" ಎಂದ. ಆಮೇಲೆ ಉಳಿದ ಒಂದು ಚಪ್ಪಲಿಯನ್ನೂ ಬಿಟ್ಟು ಬದುವಿನಿಂದ ಒಂದು ಕಟ್ಟು ಎತ್ತಿ ಬೀಸಿ ಎಸೆದ. ಅದು ನಾಗಮಣಿಯ ಮೊಣಕಾಲಿಗೆ ತಾಗಿಯೇ ಬಿತ್ತು.

ನಾಗಮಣಿ ಕೆಸರಿನ ಮುಖದಲ್ಲೇ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಒಣಗಿದ ಕೈ ಇರಲಿಲ್ಲ. ಕಿತ್ತ ಪೈರನ್ನೆಲ್ಲ ಹೆಕ್ಕಿಕೊಂಡು, ಹಿಂದಿನ ಸಾಲಿಗೆ ಕಣ್ಣು ಕೂಡಿಸಿ ಮೊದಲಿಂದ ನೆಡಲು ಬಗ್ಗಿದಳು.

"ಸೋಮಾರ ದೊಡ್ಡಸಿದ್ದಯ್ಯನ ಹೆಂಡ್ತಿ ಗದ್ದೆ," ಎಂದಳು ಅಂಕಮ್ಮ ತನ್ನ ಜಾಗಕ್ಕೆ ಮರಳುತ್ತ. "ಏಳ್ ಗಂಟೆಗೆ ಬರ್ದೆ ಓದ್ರೆ ನಿನ್ ಮನೆ ಬಾಗ್ಲಿಗೆ ಬಂದು ಬೈತೀನಿ, ನೋಡ್ತಿರು."

"ಬೈಯಕ್ಕ," ಎಂದಳು ನಾಗಮಣಿ. "ಚೆನ್ನಾಗ್ ಬೈಯಿ."